ಉಸಿರಾಡುವ ಗೊಂಬೆ ಏನು ಕಲಿಸುತ್ತದೆ?

ಮೆಡಿಕಲ್ ಅಥವಾ ನರ್ಸಿಂಗ್ ಕಾಲೇಜಿನ ಸ್ಕಿಲ್ ಲ್ಯಾಬಿಗೆ ಅತಿಥಿಗಳು ಬಂದರೆ ಅವರನ್ನು ಮೊದಲು ಕರೆದೊಯ್ಯುವುದು ಅಲ್ಲಿನ ಅತಿ ದುಬಾರಿ ಮ್ಯಾನಿಕಿನ್ ಹತ್ತಿರಕ್ಕೆ. ಅದು ಕಣ್ಣು ಮಿಟುಕಿಸುತ್ತದೆ, ಎದೆ ಏರಿಳಿಯುತ್ತದೆ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆ, ಔಷಧ ಕೊಟ್ಟೆವೆಂದರೆ ಪಕ್ಕದ ಮಾನಿಟರಿನಲ್ಲಿ ರಕ್ತದೊತ್ತಡ ಬದಲಾಗುತ್ತದೆ. ನೋಡಿದವರು ಬೆರಗಾಗುತ್ತಾರೆ, ಬೆರಗಾಗುವಂಥ ಯಂತ್ರವೇ ಅದು. ಆ ಬೆರಗಿನ ಬೆನ್ನಿಗೇ ಒಂದು ನಂಬಿಕೆಯೂ ಮನಸ್ಸಿಗೆ ಹೊಕ್ಕುಬಿಡುತ್ತದೆ: ಗೊಂಬೆ ರೋಗಿಯನ್ನು ಎಷ್ಟು ಹೋಲುತ್ತದೋ ವಿದ್ಯಾರ್ಥಿಗೆ ಅಷ್ಟು ಚೆನ್ನಾಗಿ ವಿದ್ಯೆ ಹತ್ತುತ್ತದೆ. ಸಿಮ್ಯುಲೇಷನ್ ಶಿಕ್ಷಣದಲ್ಲಿ ಈ ಹೋಲಿಕೆಗೆ ಫಿಡೆಲಿಟಿ ಎನ್ನುತ್ತಾರೆ. ಗೊಂಬೆಗಳನ್ನು ಲೋ, ಮೀಡಿಯಂ, ಹೈ ಎಂದು ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ. ಟೆಂಡರ್ ಕಾಗದದಲ್ಲಿ, ಕಾಲೇಜಿನ ಪ್ರಾಸ್ಪೆಕ್ಟಸ್‌ನಲ್ಲಿ, ಮಾರಾಟ ಪ್ರತಿನಿಧಿಯ ಮಾತಿನಲ್ಲಿ, ಕೊನೆಗೆ ಕಲಿಸುವ ಮೇಷ್ಟ್ರ ಮಾತಿನಲ್ಲೂ ಹೈ ಎಂದರೆ ಉತ್ತಮ, ಲೋ ಎಂದರೆ ದುಡ್ಡಿಲ್ಲದವರ ಪಾಲಿನದು ಎಂಬ ಅರ್ಥ ಗಟ್ಟಿಯಾಗಿದೆ.

ಈ ದರ್ಜೆಗಳೇ ತಪ್ಪು ಎಂಬುದು ನನ್ನ ವಾದ. ಹಣ ಪೋಲಾಗುತ್ತದೆ ಎಂಬುದು ಅದರ ಸಣ್ಣ ಭಾಗ. ಕಲಿಕೆ ನಿಜವಾಗಿ ನಡೆಯುವ ಜಾಗದಿಂದ ಎಲ್ಲರ ಕಣ್ಣೂ ಯಂತ್ರದ ಕಡೆ ಹೊರಳಿಬಿಡುತ್ತದೆ ಎಂಬುದು ದೊಡ್ಡ ನಷ್ಟ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞ ಡೇವಿಡ್ ಗಾಬಾ 1980ರ ದಶಕದಲ್ಲಿ ಕಂಪ್ಯೂಟರ್ ಜೋಡಿಸಿದ ರೋಗಿ-ಗೊಂಬೆಯನ್ನು ಕಟ್ಟಿದವರಲ್ಲಿ ಒಬ್ಬರು. ಸಿಮ್ಯುಲೇಷನ್ ಒಂದು ವಿಧಾನ, ಅದೊಂದು ತಂತ್ರಜ್ಞಾನವಲ್ಲ ಎಂದು 2004ರಲ್ಲಿ ಸ್ಪಷ್ಟವಾಗಿ ಬರೆದವರೂ ಅವರೇ. ಈ ಕ್ಷೇತ್ರದ ಪ್ರಬಂಧಗಳಲ್ಲಿ ಅತಿ ಹೆಚ್ಚು ಉದ್ಧೃತವಾಗುವ ಮಾತುಗಳಲ್ಲಿ ಇದೊಂದು. ಖರೀದಿಯ ಹೊತ್ತಿನಲ್ಲಿ ಮಾತ್ರ ಅದು ಯಾರ ನೆನಪಿಗೂ ಬರುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಫ್ರಾನ್ಸಿನ ಸೂಲಗಿತ್ತಿ ಆಂಜೆಲಿಕ್ ದ್ಯು ಕೂದ್ರೆ 18ನೇ ಶತಮಾನದ ನಡುವಿನಲ್ಲಿ ಬಟ್ಟೆ, ಚರ್ಮ ಮತ್ತು ಹತ್ತಿಯ ತುಂಬುವಿಕೆಯಿಂದ ಹೆರಿಗೆ ಕಲಿಸುವ ಒಂದು ಗೊಂಬೆಯನ್ನು ಮಾಡಿದಳು. 1759ರಲ್ಲಿ ದೊರೆ ಹದಿನೈದನೇ ಲೂಯಿ ಅವಳಿಗೆ ದೇಶದಾದ್ಯಂತ ಕಲಿಸುವ ಅಧಿಕಾರಪತ್ರ ಕೊಟ್ಟ. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಅವಳು ಊರೂರು ಸುತ್ತಿ ಸಾವಿರಾರು ಹಳ್ಳಿಯ ಹೆಂಗಸರಿಗೆ, ಹೆಚ್ಚಿನವರು ಓದು ಬರಹ ಬಾರದವರು, ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಅವಳ ಗೊಂಬೆಗಳಲ್ಲಿ ಒಂದು ಇವತ್ತಿಗೂ ರುಆಂ ನಗರದ ವೈದ್ಯಕೀಯ ಇತಿಹಾಸದ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ತಾಯಿಗೆ ಸೊಂಟದಿಂದ ತೊಡೆಯವರೆಗಿನ ಭಾಗವಷ್ಟೇ ಇದೆ, ತಲೆಯೂ ಇಲ್ಲ, ಮುಖವೂ ಇಲ್ಲ. ಮಗುವಿನ ಮುಖದಲ್ಲಿ ಒಂದು ಬಾಯಿದೆ. ಒಳಕ್ಕೆ ಬೆರಳು ಹೋಗುವಷ್ಟು ಆಳವಾದ ಬಾಯಿ, ಅದರೊಳಗೆ ನಾಲಗೆ.

ಆ ಬಾಯಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಅಲಂಕಾರಕ್ಕೆ ಅದನ್ನು ಹೊಲಿದದ್ದಲ್ಲ. ಕಾಲು ಅಥವಾ ಕುಂಡೆ ಮುಂದಾಗಿ ಬರುವ ಮಗುವಿನ ತಲೆ ಕೊನೆಯಲ್ಲಿ ಸಿಕ್ಕಿಕೊಂಡಾಗ ಸೂಲಗಿತ್ತಿ ಬೆರಳನ್ನು ಮಗುವಿನ ಬಾಯೊಳಗಿಟ್ಟು ಗದ್ದವನ್ನು ಎದೆಗೆ ಬಾಗಿಸಿ ತಲೆಯನ್ನು ಬಿಡಿಸಬೇಕು ಎಂಬುದು ಆ ಕಾಲದ ಕ್ರಮ. ಆ ಒಂದು ಕೈಚಳಕಕ್ಕೆ ಬೇಕಾದದ್ದರಿಂದ ಬಾಯಿ ಬಂತು. ತಾಯಿಯ ಮುಖ ಈ ಕೆಲಸಕ್ಕೆ ಬೇಕಿರಲಿಲ್ಲ, ಹಾಗಾಗಿ ಅದು ಬರಲಿಲ್ಲ. ಯಾವುದು ರೋಗಿಯಂತೆಯೇ ಇರಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬ ತೀರ್ಮಾನವನ್ನು ದ್ಯು ಕೂದ್ರೆ ತಾನು ಕಲಿಸಬೇಕಾದ ಕೆಲಸದಿಂದ ಹೊರಡಿಸಿದಳು. ಇಂದಿನ ದರ್ಜೆಯ ಪ್ರಕಾರ ಅವಳ ಗೊಂಬೆ ಅತ್ಯಂತ ಕೆಳಗಿನ ಮೆಟ್ಟಿಲಿನದು.

ಇದೇ ವಿವೇಕವನ್ನು 1960ರಲ್ಲಿ ನಾರ್ವೆಯ ಸ್ಟಾವಾಂಗರ್ ಊರಿನ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಮಾಡಿದ ರೆಸಸಿ ಆನ್ ಗೊಂಬೆಯಲ್ಲೂ ಕಾಣುತ್ತೇವೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಜನರಿಗೆ ಕಲಿಸಲು ಅದು ಹುಟ್ಟಿತು. ಸೇನ್ ನದಿಯಲ್ಲಿ ಸಿಕ್ಕಿದಳೆಂದು ಹೇಳಲಾಗುವ ಅನಾಮಿಕ ಹುಡುಗಿಯ ಮುಖವಾಡದಿಂದ ಅದರ ಮುಖ ಬಂತು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅದರ ಕುತ್ತಿಗೆ. ತಲೆಯನ್ನು ಹಿಂದಕ್ಕೆ ಬಾಗಿಸದೆ ಊದಿದರೆ ಗಾಳಿ ಒಳಗೆ ಹೋಗುವುದಿಲ್ಲ. ಸರಿಯಾಗಿ ಬಾಗಿಸಿದರೆ ಎದೆ ಏಳುತ್ತದೆ. ಪಾಠವೆಲ್ಲ ಅಷ್ಟರಲ್ಲೇ ಇದೆ. ಕಲಿಯುವವನು ತಪ್ಪಿದರೆ ಗೊಂಬೆಯೇ ತಿಳಿಸುತ್ತದೆ, ಸರಿಯಾದರೂ ಗೊಂಬೆಯೇ ತಿಳಿಸುತ್ತದೆ.

ಅದೇ ದಶಕದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಡು ದಾರಿಗಳು ತೆರೆದುಕೊಂಡವು. ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ 1963ರ ಹೊತ್ತಿಗೆ ಆರೋಗ್ಯವಂತ ವ್ಯಕ್ತಿಯೊಬ್ಬಳಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಇಂದು ಸ್ಟ್ಯಾಂಡರ್ಡೈಸ್ಡ್ ಪೇಷಂಟ್ ಎಂದು ಕರೆಯುವ ಪದ್ಧತಿಯ ಆರಂಭ ಅದು. ಕೆಲವು ವರ್ಷಗಳಲ್ಲೇ ಅಬ್ರಹಾಂಸನ್ ಮತ್ತು ಡೆನ್ಸನ್ ಎಂಬವರು ಕಂಪ್ಯೂಟರ್ ನಡೆಸುವ ಸಿಮ್ ಒನ್ ಎಂಬ ಗೊಂಬೆಯನ್ನು ತಯಾರಿಸಿದರು. ಅದು ಉಸಿರಾಡುತ್ತಿತ್ತು, ಕಣ್ಣು ಮಿಟುಕಿಸುತ್ತಿತ್ತು, ಕೊಟ್ಟ ಔಷಧಕ್ಕೆ ಪ್ರತಿಕ್ರಿಯಿಸುತ್ತಿತ್ತು. ಸಿಮ್ ಒನ್ ಒಂದೇ ಒಂದಾಗಿ ಉಳಿಯಿತು. ಬ್ಯಾರೋಸ್ ಅವರ ಪದ್ಧತಿ ಜಗತ್ತಿನ ಪರೀಕ್ಷಾ ಕೊಠಡಿಗಳನ್ನೆಲ್ಲ ಹೊಕ್ಕಿತು. ಈಗ ಮೂರು ದರ್ಜೆಯ ಏಣಿಯನ್ನು ಹಿಡಿದು ಕೇಳೋಣ: ರೋಗಿಯ ಪಾತ್ರ ವಹಿಸುವ ಜೀವಂತ ಮನುಷ್ಯನನ್ನು ಎಲ್ಲಿ ನಿಲ್ಲಿಸುವುದು? ರೂಪದಲ್ಲಿ ಅವನಿಗಿಂತ ತದ್ರೂಪ ಇನ್ನೊಂದಿಲ್ಲ. ಆದರೆ ಅವನ ಗಂಟಲಿಗೆ ಟ್ಯೂಬ್ ಹಾಕಿಸಲಾಗದು, ಎದೆ ಒತ್ತಿಸಲಾಗದು. ಕ್ಯಾನ್ಸರ್ ಇದೆ ಎಂದು ಹೇಳುವ ಬಗೆಯನ್ನು ಕಲಿಸಲು ಅವನೇ ಬೇಕು, ಆ ಕೆಲಸಕ್ಕೆ ಕೋಟಿ ಬೆಲೆಯ ಮ್ಯಾನಿಕಿನ್ ನಿರುಪಯೋಗಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಶಸ್ತ್ರವೈದ್ಯ ರೋಜರ್ ನೀಬೋನ್ ಈ ಎರಡನ್ನೂ ಸೇರಿಸಿದರು; ಪಾತ್ರಧಾರಿಯ ಮೈಗೆ ರಬ್ಬರಿನ ಚರ್ಮದ ತುಂಡನ್ನು ಹೊಂದಿಸಿ, ಅವನೊಡನೆ ಮಾತಾಡುತ್ತಲೇ ಗಾಯಕ್ಕೆ ಹೊಲಿಗೆ ಹಾಕಲು ವಿದ್ಯಾರ್ಥಿಗೆ ಹೇಳಿದರು. ಚರ್ಮದ ತುಂಡು ಅಗ್ಗದ್ದು. ಹಾಗಾದರೆ ಈ ಪಾಠ ಹೈ ಫಿಡೆಲಿಟಿಯೋ ಲೋ ಫಿಡೆಲಿಟಿಯೋ? ಏಣಿಯಲ್ಲಿ ಇದಕ್ಕೆ ಮೆಟ್ಟಿಲಿಲ್ಲ. ಹೋಲಿಕೆ ಎಂಬುದು ಉಪಕರಣಕ್ಕೆ ಅಂಟಿಕೊಂಡ ಗುಣವಲ್ಲ, ಉಪಕರಣಕ್ಕೂ ಕಲಿಯಬೇಕಾದ ಕೆಲಸಕ್ಕೂ ನಡುವಿನ ಸಂಬಂಧ.

ಪ್ರಯೋಗಗಳು ಏನು ಹೇಳುತ್ತವೆ? ಕೆನಡಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಮಾತ್ಸುಮೊಟೊ ಮತ್ತು ಸಂಗಡಿಗರ ಅಧ್ಯಯನ ನನಗೆ ಯಾವಾಗಲೂ ನೆನಪಾಗುತ್ತದೆ. ಮೂತ್ರನಾಳದ ಕಲ್ಲನ್ನು ಎಂಡೋಸ್ಕೋಪ್ ಮೂಲಕ ತೆಗೆಯುವ ಕೌಶಲವನ್ನು ಅಂತಿಮ ವರ್ಷದ 40 ವಿದ್ಯಾರ್ಥಿಗಳಿಗೆ ಕಲಿಸಬೇಕಿತ್ತು. ಒಂದು ಗುಂಪಿಗೆ ಬರೀ ಉಪನ್ಯಾಸ. ಇನ್ನೊಂದಕ್ಕೆ ಸುಮಾರು 3,700 ಡಾಲರ್ ಬೆಲೆಯ, ಅಂಗರಚನೆಯನ್ನು ಹೋಲುವ ಮಾದರಿ. ಮೂರನೆಯದಕ್ಕೆ ಬೋರಲು ಹಾಕಿದ ಥರ್ಮಕೋಲ್ ಲೋಟ, ರಬ್ಬರ್ ನಳಿಕೆ, ಸ್ಟ್ರಾಗಳಿಂದ ಮಾಡಿದ, ಸುಮಾರು 20 ಡಾಲರಿನ ಮಾದರಿ. ಮಾದರಿಯ ಮೇಲೆ ಕೈ ಪಳಗಿಸಿದ ಎರಡೂ ಗುಂಪುಗಳು ಉಪನ್ಯಾಸದ ಗುಂಪಿಗಿಂತ ಮುಂದಿದ್ದವು. ದುಬಾರಿ ಮಾದರಿಯವರಿಗೂ ಲೋಟದ ಮಾದರಿಯವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಒಂಟಿ ಫಲಿತಾಂಶವೂ ಅಲ್ಲ. ಜೆಫ್ ನಾರ್ಮನ್ ಮತ್ತು ಸಹೋದ್ಯೋಗಿಗಳು ಹೃದಯದ ಸದ್ದು ಕೇಳುವುದು, ಶಸ್ತ್ರಕ್ರಿಯೆಯ ಮೂಲ ಕೌಶಲಗಳು, ತುರ್ತು ಸ್ಥಿತಿಯ ನಿರ್ವಹಣೆ ಈ ಮೂರು ಬಗೆಯ 24 ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ನೋಡಿದರು. ಹೈ ಆಗಲಿ ಲೋ ಆಗಲಿ, ಏನೂ ಇಲ್ಲದ್ದಕ್ಕಿಂತ ಬಹಳ ಉತ್ತಮ. ಎರಡರ ನಡುವಿನ ಅಂತರ ಸರಾಸರಿ ಶೇ. 1ರಿಂದ 2 ಮಾತ್ರ.

ಕಾರಣ ಊಹಿಸುವುದು ಕಷ್ಟವಲ್ಲ. ಹೊಸಬನ ಗಮನ ಒಂದು ಹಿಡಿಯಷ್ಟೇ ಇರುತ್ತದೆ. ಮಾನಿಟರಿನ ಬೀಪ್, ಮಿಟುಕುವ ಕಣ್ಣು, ಸ್ಪೀಕರಿನಿಂದ ಬರುವ ನರಳಾಟ ಎಲ್ಲವೂ ಅದನ್ನು ಹಂಚಿಕೊಂಡರೆ ಬೆರಳು ಕಲಿಯಬೇಕಾದದ್ದಕ್ಕೆ ಪಾಲು ಉಳಿಯುವುದಿಲ್ಲ. ಪ್ಲಾಸ್ಟಿಕ್ ಚರ್ಮಕ್ಕೆ ರೋಗಿಯ ಚರ್ಮದಂತೆ ಬಣ್ಣ ಏರುವುದಿಲ್ಲ, ಬೆವರೊಡೆಯುವುದಿಲ್ಲ. ಹೀಗಾಗಿ ವಿದ್ಯಾರ್ಥಿ ರೋಗಿಯ ಮುಖ ಬಿಟ್ಟು ಪರದೆಯನ್ನೇ ನೋಡುವ ಅಭ್ಯಾಸ ಬೆಳೆಸಿಕೊಳ್ಳುವ ಅಪಾಯವೂ ಇದೆ. ಇದಕ್ಕಿಂತ ಚಿಂತೆಯ ವಿಷಯ ಇನ್ನೊಂದಿದೆ. ಜರ್ಮನಿಯ ಮ್ಯೂನ್‌ಸ್ಟರಿನ ತಂಡವೊಂದು ತುರ್ತು ಹೃದಯ ಪುನಶ್ಚೇತನ ಕಲಿಯುವ ವೈದ್ಯಕೀಯ ವಿದ್ಯಾರ್ಥಿಗಳನ್ನು ಎರಡು ಬಗೆಯ ಗೊಂಬೆಗಳಿಗೆ ಹಂಚಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಸುಧಾರಿತ ಗೊಂಬೆಯಲ್ಲಿ ಕಲಿತವರ ಕೌಶಲ ಇನ್ನೊಂದು ಗುಂಪಿನವರಿಗಿಂತ ಮೇಲಿರಲಿಲ್ಲ, ಆದರೆ ತಮ್ಮ ಕೌಶಲದ ಬಗ್ಗೆ ಅವರಿಗಿದ್ದ ನಂಬಿಕೆ ಮಾತ್ರ ಅಳತೆ ಮೀರಿತ್ತು. ವಿದ್ಯಾರ್ಥಿಗಳು ತುಂಬ ಮೆಚ್ಚಿದ್ದಾರೆ ಎಂದು ಹೈ ಫಿಡೆಲಿಟಿಯ ಪರವಾಗಿ ತೋರಿಸುವ ಅಭಿಪ್ರಾಯ ಪತ್ರಗಳನ್ನು ಈ ಬೆಳಕಿನಲ್ಲಿ ಓದಬೇಕು. ಮೆಚ್ಚುಗೆಯೂ ಆತ್ಮವಿಶ್ವಾಸವೂ ಕೌಶಲದ ಜೊತೆಗೆ ಬೆಳೆಯದಿದ್ದರೆ ಅದರ ಬೆಲೆ ತೆರುವವನು ವಾರ್ಡಿನಲ್ಲಿ ಮಲಗಿದ ರೋಗಿ.

ಎದುರು ಪಕ್ಷದ ಬಲವಾದ ಸಾಕ್ಷಿಯನ್ನು ಬದಿಗೆ ಸರಿಸುವುದು ನ್ಯಾಯವಲ್ಲ. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ತುರ್ತು ಸ್ಥಿತಿಯೊಂದಿದೆ. ಗಾಬರಿಯಲ್ಲಿ ಎಳೆದರೆ ಮಗುವಿನ ತೋಳಿನ ನರಗಳೇ ಹರಿಯಬಹುದು. ಇಂಗ್ಲೆಂಡಿನ ಬ್ರಿಸ್ಟಲ್ ತಂಡ ಇದನ್ನು ಕಲಿಸಲು ಎರಡು ಬಗೆಯ ಗೊಂಬೆಗಳನ್ನು ಹೋಲಿಸಿ 2006ರಲ್ಲಿ ವರದಿ ಮಾಡಿತು. ಸುಧಾರಿತ ಗೊಂಬೆಯಲ್ಲಿ ಕಲಿತವರಲ್ಲಿ ಶೇ. 94 ಮಂದಿ ಪರೀಕ್ಷೆಯ ಹೆರಿಗೆಯನ್ನು ಯಶಸ್ವಿಯಾಗಿ ಮಾಡಿಸಿದರೆ, ಸಾಮಾನ್ಯ ಗೊಂಬೆಯವರಲ್ಲಿ ಶೇ. 72. ಇಲ್ಲಿ ದುಬಾರಿ ಗೊಂಬೆ ಗೆದ್ದಿದೆ. ಯಾಕೆ ಗೆದ್ದಿತು? ಎಷ್ಟು ಬಲದಿಂದ ಎಳೆಯುತ್ತಿದ್ದೀರಿ ಎಂಬುದನ್ನು ಅಳೆದು ತೋರಿಸುವ ಏರ್ಪಾಡು ಅದರಲ್ಲಿತ್ತು. ಎಳೆತದ ಬಲವೇ ಈ ಕೌಶಲದ ಪ್ರಾಣ. ಆ ಬಲದ ಅಳತೆಯನ್ನೇ ಗೊಂಬೆ ಕಲಿಯುವವರ ಮುಂದಿಟ್ಟಿತು. ಅಲ್ಲಿನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಎಲ್ಲ ಸಿಬ್ಬಂದಿಗೂ ಈ ತುರ್ತು ಸ್ಥಿತಿಯ ತರಬೇತಿ ಕಡ್ಡಾಯವಾದ ನಂತರ, ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಮಗುವಿಗೆ ಗಾಯವಾಗುವ ಪ್ರಮಾಣ ಶೇ. 9.3ರಿಂದ 2.3ಕ್ಕೆ ಇಳಿಯಿತು. ದ್ಯು ಕೂದ್ರೆಯ ಗೊಂಬೆಯ ಬಾಯಿಯನ್ನು ನಿರ್ಧರಿಸಿದ ವಿವೇಕವೇ ಬ್ರಿಸ್ಟಲ್ಲಿನ ಬಲಮಾಪಕವನ್ನೂ ನಿರ್ಧರಿಸಿತು. ಈ ತಂಡದವರೇ ಇನ್ನೊಂದು ವಿಷಯವನ್ನೂ ಪರೀಕ್ಷಿಸಿದ್ದರು: ದೊಡ್ಡ ಸಿಮ್ಯುಲೇಷನ್ ಕೇಂದ್ರಕ್ಕೆ ಕರೆದೊಯ್ದು ಕಲಿಸಿದರೂ, ಸ್ವಂತ ಆಸ್ಪತ್ರೆಯಲ್ಲೇ ಕಲಿಸಿದರೂ ಸಿಬ್ಬಂದಿಯ ತಿಳಿವಳಿಕೆ ಬೆಳೆದದ್ದು ಒಂದೇ ಅಳತೆಯಲ್ಲಿ.

ಹಾಮ್‌ಸ್ಟ್ರಾ ಮತ್ತು ಸಂಗಡಿಗರು 2014ರಲ್ಲಿ ಫಿಡೆಲಿಟಿ ಎಂಬ ಪರಿಕಲ್ಪನೆಯನ್ನೇ ಬಿಟ್ಟುಬಿಡೋಣ, ಅದರ ಜಾಗದಲ್ಲಿ ರೂಪದ ಹೋಲಿಕೆ ಎಷ್ಟು, ಕೆಲಸಕ್ಕೆ ಹೊಂದಿಕೆ ಎಷ್ಟು ಎಂದು ಎರಡನ್ನು ಬೇರೆ ಬೇರೆಯಾಗಿ ಕೇಳೋಣ ಎಂದು ಸೂಚಿಸಿದರು. ಮೊದಲನೆಯದಕ್ಕಿಂತ ಎರಡನೆಯದಕ್ಕೆ ತೂಕ ಕೊಡಿ ಎಂದರು. ಆ ಸೂಚನೆ ಬಂದು ದಶಕ ದಾಟಿದೆ. ಕ್ಯಾಟಲಾಗುಗಳಲ್ಲಿ ಇವತ್ತಿಗೂ ಆಳುತ್ತಿರುವುದು ಹಳೆಯ ಏಣಿಯೇ.

ಹೋಲಿಕೆಯ ಪರವಾಗಿ ಇನ್ನೊಂದು ವಾದವಿದೆ. ಗೊಂಬೆ ಗೊಂಬೆಯಂತೆ ಕಂಡರೆ ವಿದ್ಯಾರ್ಥಿ ಅದನ್ನು ರೋಗಿ ಎಂದು ಒಪ್ಪುವುದಿಲ್ಲ, ಮನಸ್ಸಿಟ್ಟು ಮಾಡುವುದಿಲ್ಲ ಎನ್ನುತ್ತಾರೆ. ಯಕ್ಷಗಾನ ನೋಡಿ ಬೆಳೆದ ನಮಗೆ ಇದಕ್ಕೆ ಉತ್ತರ ಹೊರಗಿನಿಂದ ಬರಬೇಕಾಗಿಲ್ಲ. ರಂಗದ ಮೇಲೆ ರಥವಿಲ್ಲ, ಕುದುರೆಯಿಲ್ಲ, ಕಾಡಿಲ್ಲ. ಭಾಗವತರ ಪದ, ಚೆಂಡೆಯ ಪೆಟ್ಟು, ವೇಷಧಾರಿ ಹಾಕುವ ಒಂದು ಸುತ್ತು, ಇಷ್ಟರಲ್ಲಿ ವೀರನೊಬ್ಬ ಅಡವಿ ದಾಟಿ ಶತ್ರುವಿನ ಬಾಗಿಲಿಗೆ ಬಂದ ಎಂದು ಸಭೆ ಒಪ್ಪುತ್ತದೆ, ಬೆಳಗಿನವರೆಗೂ ಒಪ್ಪಿಕೊಂಡೇ ಕೂರುತ್ತದೆ. ಒಪ್ಪಿಗೆ ಮೂಡುವುದು ಆಡುವವರ ಮತ್ತು ನೋಡುವವರ ನಡುವಿನ ಕರಾರಿನಿಂದ. ಸಿಮ್ಯುಲೇಷನ್ ಶಿಕ್ಷಣದಲ್ಲೂ ಇದನ್ನು ಫಿಕ್ಷನ್ ಕಾಂಟ್ರ್ಯಾಕ್ಟ್ ಎಂದೇ ಕರೆಯುತ್ತಾರೆ. ಡೀಕ್‌ಮನ್, ಗಾಬಾ, ರಾಲ್ 2007ರಲ್ಲಿ ಇದನ್ನು ಸಾಮಾಜಿಕ ವ್ಯವಹಾರವೆಂಬ ನೆಲೆಯಲ್ಲಿ ವಿವರಿಸಿದ್ದಾರೆ. ಈ ಕರಾರು ಏರ್ಪಡುವುದು ಪ್ರಿಬ್ರೀಫಿಂಗ್ ಎಂಬ ಆರಂಭದ ಮಾತುಕತೆಯಲ್ಲಿ. ಗೊಂಬೆಯಿಂದ ಏನೇನು ಆಗುತ್ತದೆ, ಏನೇನು ಆಗುವುದಿಲ್ಲ, ಆಗದ್ದನ್ನು ಯಾರನ್ನು ಕೇಳಿ ತಿಳಿಯಬೇಕು, ಇಲ್ಲಿ ಮಾಡಿದ್ದು ಪರೀಕ್ಷೆಯ ಅಂಕಕ್ಕೆ ಹೋಗುತ್ತದೆಯೇ ಇಲ್ಲವೇ, ನೋಡುತ್ತಿರುವವರು ಯಾರು ಎಂದು ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾಲೇಜುಗಳ ವೇಳಾಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಕತ್ತರಿ ಬೀಳುವುದೂ ಈ ಮಾತುಕತೆಗೇ. ಕರಾರಿಲ್ಲದೆ ರಂಗಕ್ಕೆ ನೂಕಿದ ಹುಡುಗಿ ದುಬಾರಿ ಗೊಂಬೆಯ ಮುಂದೆಯೂ ನಗುತ್ತಾಳೆ, ಇಲ್ಲವೇ ಬೆಚ್ಚಿ ನಿಲ್ಲುತ್ತಾಳೆ. ಆಗ ಗೊಂಬೆ ಇನ್ನೂ ನೈಜವಾಗಿದ್ದರೆ ಚೆನ್ನಾಗಿತ್ತು ಎಂಬ ನಿರ್ಣಯಕ್ಕೆ ಬರುತ್ತೇವೆ.

ಈಗ ಡಿಬ್ರೀಫಿಂಗ್ ವಿಷಯ. ನನ್ನ ಮಟ್ಟಿಗೆ ಸಿಮ್ಯುಲೇಷನ್ ಎಂದರೆ ಮುಖ್ಯವಾಗಿ ಇದೇ. ಸನ್ನಿವೇಶ ಮುಗಿದ ಮೇಲೆ ಎಲ್ಲರೂ ಕುಳಿತು ಏನು ನಡೆಯಿತು, ಯಾಕೆ ಹಾಗೆ ನಡೆಯಿತು, ನಾಳೆ ವಾರ್ಡಿನಲ್ಲಿ ಏನು ಮಾಡುತ್ತೇವೆ ಎಂದು ಬಿಡಿಸಿ ನೋಡುವ ಮಾತುಕತೆ. ಸಾವೊಲ್ಡೆಲ್ಲಿ ಮತ್ತು ಸಂಗಡಿಗರು 2006ರಲ್ಲಿ 42 ಅರಿವಳಿಕೆ ರೆಸಿಡೆಂಟ್‌ಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಮಾತಿನ ಡಿಬ್ರೀಫಿಂಗ್, ಒಂದಕ್ಕೆ ವಿಡಿಯೋ ತೋರಿಸುತ್ತ ಡಿಬ್ರೀಫಿಂಗ್, ಒಂದಕ್ಕೆ ಯಾವುದೂ ಇಲ್ಲ. ಮಾತುಕತೆ ಸಿಗದವರು ಮತ್ತೆ ಗೊಂಬೆಯ ಮುಂದೆ ಬಂದಾಗ ಮೊದಲಿದ್ದಲ್ಲೇ ಇದ್ದರು. ಮಾತುಕತೆ ಸಿಕ್ಕಿದವರು ಸುಧಾರಿಸಿದ್ದರು. ವಿಡಿಯೋ ಇದ್ದದ್ದು ಇಲ್ಲದ್ದು ವ್ಯತ್ಯಾಸ ಮಾಡಲಿಲ್ಲ. ಗೊಂಬೆಯ ಮುಂದೆ ನಿಂತ ಅನುಭವವೊಂದೇ ಮಾತುಕತೆ ಸಿಗದವರಿಗೆ ಏನನ್ನೂ ಕಲಿಸಿರಲಿಲ್ಲ ಎಂಬುದನ್ನು ಗಮನಿಸಬೇಕು. ಇದಕ್ಕೆ ಒಂದು ವರ್ಷ ಮೊದಲು ಇಸೆನ್‌ಬರ್ಗ್ ತಂಡ 109 ಅಧ್ಯಯನಗಳನ್ನು ಜಾಲಾಡಿ, ಕಲಿಕೆ ಆಗುವಂತೆ ಮಾಡುವ ಅಂಶಗಳಲ್ಲಿ ಫೀಡ್‌ಬ್ಯಾಕನ್ನೇ ಮೊದಲ ಸ್ಥಾನದಲ್ಲಿ ಇಟ್ಟಿತ್ತು.

ಡಿಬ್ರೀಫಿಂಗ್ ಕುರಿತೂ ಒಂದು ತಪ್ಪು ನಂಬಿಕೆ ಹರಡಿದೆ. ಮಾನಸಿಕ ಸುರಕ್ಷತೆ ಎಂಬ ಪರಿಕಲ್ಪನೆ ಈ ಕ್ಷೇತ್ರಕ್ಕೆ ಬಂದದ್ದು ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಅವರ 1999ರ ಬರಹದ ಪ್ರಭಾವದಿಂದ. ಪ್ರಶ್ನೆ ಕೇಳಿದರೆ, ತಪ್ಪೊಪ್ಪಿದರೆ ಅವಮಾನವಾಗದು ಎಂಬ ನಂಬಿಕೆ ತಂಡದಲ್ಲಿರಬೇಕು ಎಂಬುದು ಅದರ ಸಾರ. ಅದು ಕಾಲೇಜಿನ ಕೋಣೆಗಳಿಗೆ ಇಳಿಯುವ ಹೊತ್ತಿಗೆ, ಯಾರಿಗೂ ತಪ್ಪು ಎಂದು ಹೇಳಬಾರದು ಎಂದಾಗಿದೆ. ಎಲ್ಲ ಚೆನ್ನಾಗಿತ್ತು, ಇನ್ನೂ ಚೆನ್ನಾಗಿ ಮಾಡಬಹುದು ಎಂಬ ಮಾತಿನಲ್ಲಿ ಮುಗಿಯುವ ಡಿಬ್ರೀಫಿಂಗ್ ವಿದ್ಯಾರ್ಥಿಗೆ ಮಾಡುವ ಮೋಸ. ತಪ್ಪಾಗಿದೆ ಎಂದು ಅವಳಿಗೆ ಗೊತ್ತಿರುತ್ತದೆ, ಮೇಷ್ಟ್ರ ಮುಖದಲ್ಲೂ ಅದು ಕಾಣುತ್ತಿರುತ್ತದೆ. ಬಾಸ್ಟನ್ನಿನ ಜೆನ್ನಿ ರುಡಾಲ್ಫ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ತೀರ್ಪಿಲ್ಲದ ಡಿಬ್ರೀಫಿಂಗ್ ಎಂಬುದೇ ಇಲ್ಲ ಎಂದು ವಾದಿಸಿದ್ದು ಇದಕ್ಕಾಗಿಯೇ. ಮೇಷ್ಟ್ರು ತಾವು ಕಂಡದ್ದನ್ನು, ಅದರ ಬಗ್ಗೆ ತಮಗಿರುವ ಆತಂಕವನ್ನು ತೆರೆದು ಹೇಳಬೇಕು. ಹೇಳಿದ ಮೇಲೆ ವಿದ್ಯಾರ್ಥಿಯ ತಲೆಯಲ್ಲಿ ಆಗ ಏನಿತ್ತೆಂದು ನಿಜವಾದ ಕುತೂಹಲದಿಂದ ಕೇಳಬೇಕು.

ನಮ್ಮ ತರಗತಿಗಳಲ್ಲಿ ಇದು ಸುಲಭವಲ್ಲ. “ಯಾಕೆ ಹಾಗೆ ಮಾಡಿದೆ?” ಎಂಬ ಪ್ರಶ್ನೆ ನಮ್ಮಲ್ಲಿ ಬೈಗುಳವಾಗಿಯೇ ಕೇಳಿಸುತ್ತದೆ. ಅದಕ್ಕೆ ಬರುವ ಉತ್ತರವೂ ಒಂದೇ: “ಸಾರಿ ಮೇಡಂ.” ಮಾತು ಅಲ್ಲಿಗೆ ಮುಗಿದು ತಪ್ಪು ಹಾಗೇ ಉಳಿಯುತ್ತದೆ. ಅದರ ಬದಲು, “ನೋಡಮ್ಮಾ, ಹುಟ್ಟಿದ ಮಗು ಅಳದೆ ಒಂದು ನಿಮಿಷ ಕಳೆದರೂ ನೀನು ಒರೆಸುತ್ತಲೇ ಇದ್ದೆ, ಉಸಿರು ಕೊಡುವ ಬ್ಯಾಗ್ ಹಿಡಿಯಲಿಲ್ಲ. ಆ ಒಂದು ನಿಮಿಷ ದಾಟಿದರೆ ಮಗುವಿಗೆ ಅಪಾಯ, ಅದಕ್ಕೇ ನನಗೆ ಕಳವಳವಾಯಿತು. ಆಗ ನೀನು ಏನನ್ನು ಕಾಯುತ್ತಿದ್ದೆ?” ಎಂದು ಕೇಳಿ ನೋಡಬಹುದು. ಉತ್ತರ ಹಲವು ಬಗೆಯಲ್ಲಿ ಬರಬಹುದು. ಬ್ಯಾಗ್ ಎಲ್ಲಿದೆ ಎಂದು ಕಾಣಲಿಲ್ಲ ಎನ್ನಬಹುದು. ಡಾಕ್ಟರ್ ಹೇಳದೆ ಬ್ಯಾಗ್ ಮುಟ್ಟಬಾರದು ಅಂದುಕೊಂಡೆ ಎನ್ನಬಹುದು. ಮಾಸ್ಕ್ ಅಳತೆ ಗೊತ್ತಾಗಲಿಲ್ಲ ಎನ್ನಬಹುದು. ಮೂರಕ್ಕೂ ಮದ್ದು ಬೇರೆ ಬೇರೆ: ಮೊದಲನೆಯದು ಕೋಣೆಯ ಜೋಡಣೆಯ ಸಮಸ್ಯೆ, ಎರಡನೆಯದು ಯಾರು ಏನು ಮಾಡಬಹುದೆಂಬ ಅಧಿಕಾರದ ಸಮಸ್ಯೆ, ಮೂರನೆಯದು ಕೈಯ ಅಭ್ಯಾಸದ್ದು. ಇವುಗಳನ್ನು ಬೇರ್ಪಡಿಸುವ ಸೆನ್ಸರ್ ಯಾವ ಮ್ಯಾನಿಕಿನ್ನಿನಲ್ಲೂ ಇಲ್ಲ. ಕೇಳುವ ಮನುಷ್ಯ ಬೇಕು, ಆ ಮನುಷ್ಯನಿಗೆ ಕೇಳುವ ತರಬೇತಿ ಬೇಕು.

ನವಜಾತ ಶಿಶುವಿನ ಉದಾಹರಣೆ ಎತ್ತಿದ್ದಕ್ಕೆ ಕಾರಣವಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2010ರಲ್ಲಿ ಹೆಲ್ಪಿಂಗ್ ಬೇಬೀಸ್ ಬ್ರೀದ್ ಎಂಬ ತರಬೇತಿಯನ್ನು ಹೊರತಂದಿತು. ಅದರ ಜೊತೆಗೆ ಬಂದ ನಿಯೋನಟಾಲಿ ಎಂಬ ಗೊಂಬೆಗೆ ಕರೆಂಟ್ ಬೇಡ. ಒಳಗೆ ನೀರು ತುಂಬಿದರೆ ಮಗುವಿನಷ್ಟು ತೂಕ ಬರುತ್ತದೆ. ಮೇಷ್ಟ್ರು ರಬ್ಬರ್ ಬಲ್ಬ್ ಒತ್ತಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ. ಮಾಸ್ಕ್ ಸರಿಯಾಗಿ ಕೂತರೆ ಮಾತ್ರ ಎದೆ ಏಳುತ್ತದೆ. ಈ ಗೊಂಬೆ ನಮ್ಮ ಬೆಳಗಾವಿಗೂ ಬಂತು. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ಹೆರಿಗೆ ಮಾಡಿಸುವ 599 ಮಂದಿಗೆ ತರಬೇತಿ ಕೊಟ್ಟು, ಅದರ ಹಿಂದಿನ ಮತ್ತು ಮುಂದಿನ ಹೆರಿಗೆಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿತು. ಸತ್ತು ಹುಟ್ಟಿದವೆಂದು ದಾಖಲಾಗುವ ಮಕ್ಕಳ ಪ್ರಮಾಣ ಶೇ. 3.0ರಿಂದ 2.3ಕ್ಕೆ ಇಳಿದಿತ್ತು. ಉಸಿರಿಲ್ಲದೆ ಹುಟ್ಟಿದ ಮಗುವನ್ನು ಸತ್ತದ್ದೆಂದು ಕೈಬಿಡುವ ಬದಲು ಬ್ಯಾಗ್ ಹಿಡಿದು ನೋಡಿದ್ದರ ಫಲ ಅದರಲ್ಲಿರಬಹುದು. ಹುಟ್ಟಿದ ಮೇಲಿನ ಶಿಶುಮರಣ ಮಾತ್ರ ಬದಲಾಗಲಿಲ್ಲ. ಮುಂದೆ ಬೆಳಗಾವಿ, ನಾಗಪುರ ಮತ್ತು ಕೀನ್ಯಾಗಳಲ್ಲಿ ಇನ್ನೂ ದೊಡ್ಡದಾಗಿ ನಡೆದ ಅಧ್ಯಯನದಲ್ಲಿ ಎಲ್ಲೆಡೆ ಒಂದೇ ಸಮನಾದ ಇಳಿಕೆ ಸಿಗಲಿಲ್ಲ.

ತಾಂಜಾನಿಯಾದ ಹೈಡಮ್ ಎಂಬ ಹಳ್ಳಿ ಆಸ್ಪತ್ರೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಇದೇ ಗೊಂಬೆ, ಇದೇ ಪಾಠ, ಒಂದು ದಿನದ ತರಬೇತಿ. ತಿಂಗಳುಗಳ ನಂತರ ಗೊಂಬೆಯ ಮೇಲೆ ಪರೀಕ್ಷಿಸಿದಾಗ ಸಿಬ್ಬಂದಿ ಚೆನ್ನಾಗಿಯೇ ಮಾಡಿದರು. ಲೇಬರ್ ರೂಮಿನಲ್ಲಿ ನಿಜವಾದ ಮಕ್ಕಳಿಗೆ ಅವರು ಮಾಡುತ್ತಿದ್ದದ್ದನ್ನು ಗಮನಿಸಿದಾಗ ತರಬೇತಿಯ ಮೊದಲಿಗೂ ನಂತರಕ್ಕೂ ವ್ಯತ್ಯಾಸವಿರಲಿಲ್ಲ. ಎರ್ಸ್‌ಡಾಲ್ ಮತ್ತು ಸಂಗಡಿಗರು ಇದನ್ನು ಮರೆಮಾಚದೆ ಪ್ರಕಟಿಸಿದರು. ಆಮೇಲೆ ಆ ಆಸ್ಪತ್ರೆಯವರು ಗೊಂಬೆಯನ್ನು ಬದಲಾಯಿಸಲಿಲ್ಲ, ಕ್ರಮವನ್ನು ಬದಲಾಯಿಸಿದರು. ಕೆಲಸದ ಜಾಗದಲ್ಲೇ, ವಾರವಾರವೂ ಮೂರರಿಂದ ಐದು ನಿಮಿಷದ ಅಭ್ಯಾಸ ಇಟ್ಟುಕೊಂಡರು. ಹುಟ್ಟಿದ 24 ಗಂಟೆಯೊಳಗಿನ ಮರಣ ಆಗ ಇಳಿಯಿತು. 2015ರಲ್ಲಿ ಅದರ ವರದಿ ಬಂತು. ಹೈಡಮ್‌ನಲ್ಲಿ ಮುಖ್ಯವಾಗಿ ಬದಲಾದದ್ದು ಎಷ್ಟು ಸಲ, ಎಲ್ಲಿ ಎಂಬ ಎರಡು ಸಂಗತಿಗಳು. ಫಿಡೆಲಿಟಿಯ ಏಣಿ ಈ ಎರಡನ್ನೂ ಅಳೆಯುವುದಿಲ್ಲ.

ಎಲ್ಲಿ ಎಂಬ ಪ್ರಶ್ನೆಗೆ ಇನ್ ಸಿಟು ಸಿಮ್ಯುಲೇಷನ್ ಎಂಬ ಹೆಸರಿದೆ: ಲ್ಯಾಬ್ ಬಿಟ್ಟು ವಾರ್ಡಿನಲ್ಲೇ, ಅಲ್ಲಿನ ಸಿಬ್ಬಂದಿಯೊಂದಿಗೆ, ಅಲ್ಲಿನ ಟ್ರಾಲಿ, ಅಲ್ಲಿನ ಬೀಗದ ಕೈಗಳನ್ನಿಟ್ಟುಕೊಂಡು ನಡೆಸುವ ಅಭ್ಯಾಸ. ಸಕ್ಷನ್ ಯಂತ್ರದ ಪ್ಲಗ್ ಗೋಡೆಯ ಸಾಕೆಟ್ಟಿಗೆ ಹೊಂದುವುದಿಲ್ಲ, ತುರ್ತು ಔಷಧದ ಕಪಾಟಿನ ಕೀಲಿ ರಾತ್ರಿ ಪಾಳಿಯವರ ಬಳಿ ಇರುವುದಿಲ್ಲ ಎಂಬಂಥ ಸಂಗತಿಗಳು ಬಯಲಾಗುವುದು ಅಲ್ಲಿ. ಎಂಥ ತದ್ರೂಪ ಗೊಂಬೆಯನ್ನಿಟ್ಟರೂ ಹವಾನಿಯಂತ್ರಿತ ಸ್ಕಿಲ್ ಲ್ಯಾಬಿನಲ್ಲಿ ಅವು ಕಾಣಿಸಲಾರವು.

ಇಷ್ಟು ಹೇಳಿದ ಮೇಲೆ ಸಿಮ್ಯುಲೇಷನ್ನನ್ನೇ ತಳ್ಳಿಹಾಕುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ಕುಕ್ ಮತ್ತು ಸಂಗಡಿಗರು 2011ರಲ್ಲಿ 609 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅದರ ಫಲ ಸ್ಪಷ್ಟವಾಗಿತ್ತು. ಷಿಕಾಗೋದ ನಾರ್ತ್‌ವೆಸ್ಟರ್ನ್‌ನಲ್ಲಿ ದೊಡ್ಡ ರಕ್ತನಾಳಕ್ಕೆ ಕ್ಯಾಥಿಟರ್ ಹಾಕುವುದನ್ನು ನಿಗದಿತ ಮಟ್ಟ ಮುಟ್ಟುವವರೆಗೆ ಗೊಂಬೆಯ ಮೇಲೆ ಮಾಡಿಸಿದ ಮೇಲೆ, ಐಸಿಯುವಿನಲ್ಲಿ ಆ ಕ್ಯಾಥಿಟರಿನಿಂದಾಗುವ ಸೋಂಕು ಸಾವಿರ ಕ್ಯಾಥಿಟರ್-ದಿನಗಳಿಗೆ 3.20ರಿಂದ 0.50ಕ್ಕೆ ಇಳಿದದ್ದು ದಾಖಲಾಗಿದೆ. ರೋಗಿಯ ಮೈಯನ್ನೇ ಮೊದಲ ಪಾಠದ ಹಲಗೆ ಮಾಡಿಕೊಳ್ಳುವ ಹಳೆಯ ಪದ್ಧತಿಯನ್ನು ಮುಗಿಸಲೇಬೇಕು. ಆ ಹಲಗೆಯಾಗಿ ಹೆಚ್ಚಾಗಿ ಸಿಕ್ಕುತ್ತಿದ್ದವರು ಸರ್ಕಾರಿ ಆಸ್ಪತ್ರೆಯ ಬಡವರು ಎಂಬುದನ್ನು ನೆನೆದರೆ ಇದು ಬರೀ ಶಿಕ್ಷಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮಲ್ಲೂ ಆಗಾಗ ಎತ್ತಿ ಹೇಳುತ್ತಾರೆ: ವಾರ್ಡಿನ ಪೋಸ್ಟಿಂಗ್ ಗಂಟೆಗಳಲ್ಲಿ ಅರ್ಧದವರೆಗೆ ಸಿಮ್ಯುಲೇಷನ್ನಿನಿಂದ ತುಂಬಿದರೂ ಕಲಿಕೆಗೆ ಕುಂದಿಲ್ಲ. ಆ ಅಧ್ಯಯನದಲ್ಲಿ ಮೇಷ್ಟ್ರುಗಳಿಗೆ ಮೊದಲೇ ತರಬೇತಿ ಕೊಡಲಾಗಿತ್ತು, ಒಂದು ನಿರ್ದಿಷ್ಟ ಕ್ರಮದಲ್ಲಿ ಪ್ರತಿ ಸಲವೂ ಡಿಬ್ರೀಫಿಂಗ್ ನಡೆದಿತ್ತು. ಈ ಷರತ್ತನ್ನು ಬಿಟ್ಟು ಶೇ. 50 ಎಂಬ ಅಂಕಿಯನ್ನಷ್ಟೇ ಎತ್ತಿಕೊಂಡರೆ ಅದು ಅಧ್ಯಯನಕ್ಕೆ ಮಾಡುವ ಅಪಚಾರ. ನಮ್ಮಲ್ಲಿ 2019ರಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ, ಸ್ಕಿಲ್ ಲ್ಯಾಬ್ ಕಡ್ಡಾಯವಾಗಿದೆ, ಒಳ್ಳೆಯ ಹೆಜ್ಜೆ. ಕಡ್ಡಾಯ ಎಂದ ಕೂಡಲೇ ಗೊಂಬೆಗಳ ಪಟ್ಟಿ ತಯಾರಾಗುತ್ತದೆ, ತಪಾಸಣೆಗೆ ಬಂದವರು ಎಣಿಸಿ ಟಿಕ್ ಹಾಕಲು ಅನುಕೂಲವಾಗುವುದೂ ಗೊಂಬೆಗಳೇ.

ಎಣಿಸಲೇಬೇಕೆಂದರೆ ಬೇರೆಯದನ್ನು ಎಣಿಸಬಹುದು. ಕಳೆದ ಆರು ತಿಂಗಳಲ್ಲಿ ಒಬ್ಬ ವಿದ್ಯಾರ್ಥಿ ಎಷ್ಟು ಸಲ ಸ್ವತಃ ಕೈ ಹಾಕಿದ, ಎಷ್ಟು ಸಲ ಗುಂಪಿನ ಹಿಂದೆ ನಿಂತು ನೋಡಿದ? ಸನ್ನಿವೇಶಕ್ಕೆ ಎಷ್ಟು ನಿಮಿಷ ಹೋಯಿತು, ಆಮೇಲಿನ ಮಾತುಕತೆಗೆ ಎಷ್ಟು ಸಿಕ್ಕಿತು? ಡಿಬ್ರೀಫಿಂಗ್ ನಡೆಸಲು ತರಬೇತಿ ಪಡೆದವರು ಕಾಲೇಜಿನಲ್ಲಿ ಎಷ್ಟು ಮಂದಿ, ಆ ಕೆಲಸ ಅವರ ವೇಳಾಪಟ್ಟಿಯಲ್ಲಿ ಬರೆದಿದೆಯೇ ಅಥವಾ ಊಟದ ಬಿಡುವಿನಲ್ಲಿ ಮಾಡುವಂಥದ್ದೇ? ಲೇಬರ್ ವಾರ್ಡಿನಲ್ಲಿ, ಕ್ಯಾಶುಆಲ್ಟಿಯಲ್ಲಿ ಅಭ್ಯಾಸ ನಡೆದ ದಿನಾಂಕಗಳ ರಿಜಿಸ್ಟರ್ ಇದೆಯೇ, ಅದರಲ್ಲಿ ಸಿಕ್ಕ ಕುಂದುಕೊರತೆಗಳನ್ನು ಯಾರು ಸರಿಪಡಿಸಿದರು? ಹೊಸ ಗೊಂಬೆ ಬೇಕೆಂದು ಅರ್ಜಿ ಹಾಕುವ ವಿಭಾಗ ಅದು ಕಲಿಸಲಿರುವ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆದು, ಆ ಕೆಲಸಕ್ಕೆ ಗೊಂಬೆಯ ಯಾವ ಗುಣ ಬೇಕೇ ಬೇಕು ಎಂದು ಇನ್ನೊಂದು ವಾಕ್ಯದಲ್ಲಿ ಬರೆಯಲಿ. ಎರಡನೆಯ ವಾಕ್ಯ ಬರೆಯಲಾಗದಿದ್ದರೆ ಆ ಹಣವನ್ನು ಮೇಷ್ಟ್ರುಗಳ ತರಬೇತಿಗೆ ತಿರುಗಿಸಬೇಕು.